ಇಬ್ಬರೂ ಎಸೆದ ಮೇಲೆ

"ರೀ! ಕಣ್ಣು ಎಲ್ಲಿಟ್ಟಿದ್ದೀರಿ? ಕಾಲು ಹೋಗ್ತಿತ್ತು ನಂದು!"

ಅವಳ ಕೈಯಿಂದ ಹಾರಿದ ಕೊಡಲಿ, ಹಲಗೆಗೆ ಹಿಡಿಯ ಕಡೆಯಿಂದ ಬಡಿದು, ಹೋದಷ್ಟೇ ರಭಸದಲ್ಲಿ ಹಿಂದಕ್ಕೆ ಚಿಮ್ಮಿತ್ತು. ರಬ್ಬರ್ ಹಾಸಿನ ಮೇಲೆ ಜಾರುತ್ತಾ ಬಂದು, ಪಕ್ಕದ ಗುರಿಯ ಮುಂದೆ ನಿಂತಿದ್ದವನ ಬೂಟಿಗೆ ತಾಗಿ ನಿಂತಿತ್ತು.

ಜೀವನದಲ್ಲಿ ಮೊದಲ ಸಲ ಕೊಡಲಿ ಎಸೆದವಳು ಇಂಥ ಹೊತ್ತಲ್ಲಿ 'ತಪ್ಪಾಯ್ತು' ಅನ್ನಬೇಕು. ಅವಳೂ ಅನ್ನಲೆಂದೇ ಬಾಯಿ ತೆರೆದಳು.

ಆದರೆ ತೆರೆದ ಬಾಯಿ ತೆರೆದೇ ಉಳಿಯಿತು.

ಆ ಧ್ವನಿ!

ಮುಖ ಗೊತ್ತಿಲ್ಲ. ಅಗಲ ಭುಜ, ತೋಳಿನ ಕೂದಲಿಗೆ ಅಂಟಿದ ಮರದ ಹೊಟ್ಟು, ಗಂಟು ಹಾಕಿದ ಹುಬ್ಬು... ಇದ್ಯಾವುದನ್ನೂ ಅವಳು ಹಿಂದೆಂದೂ ನೋಡಿರಲಿಲ್ಲ. ಆದರೆ ಆ ಧ್ವನಿಯನ್ನು ಮಾತ್ರ ಮೂರು ತಿಂಗಳಿಂದ ಕನಸಲ್ಲೂ ಕೇಳಿಸಿಕೊಂಡಿದ್ದಳು.

'ನಿಮ್ಮ ಎದೇಲಿ ಇರೋದು ಹೃದಯನಾ, ಕಲ್ಲಾ? ನನ್ನಮ್ಮ ಸಾಯ್ತಿದ್ದಾಳೆ, ನೀವು ಮೆಷಿನ್ ಥರ ಮಾತಾಡ್ತೀರಲ್ಲ!'

ಇವನೇ... ಇವನೇ ಅವನು!

ಅವಳ ಕಿವಿ ಬಿಸಿಯಾಯಿತು. ಕೈ ತಾನಾಗಿ ಮುಷ್ಟಿ ಕಟ್ಟಿತು. ಕೊಡಲಿ ಅವನ ಬೂಟಿನ ಹತ್ತಿರ ಇದ್ದದ್ದೇ ಒಳ್ಳೆಯದಾಯಿತು ಅನ್ನಿ.

"ಏನೇ ಸಿಡುಕಿ, ಸಾರಿ ಹೇಳೇ!" ಹಿಂದಿನ ಬೆಂಚಿನಿಂದ ಅಕ್ಕ ಕೂಗಿದಳು.

ಸಿಡುಕಿ ಅನ್ನುವುದು ಮನೆಯವರು ಇಟ್ಟ ಹೆಸರು. ಹಾಲು ಉಕ್ಕಿದರೂ ಸಿಡುಕು, ಬಾಗಿಲು ಕಿರ್ರೆಂದರೂ ಸಿಡುಕು. ತಮಾಷೆ ಏನೆಂದರೆ, ಇದೇ ಸಿಡುಕಿ ಆಂಬುಲೆನ್ಸ್ ಕರೆ ಕೇಂದ್ರದಲ್ಲಿ ಫೋನಿಗೆ ಕೂತರೆ ಇಡೀ ಕಚೇರಿಯಲ್ಲಿ ಅವಳಷ್ಟು ತಣ್ಣಗಿನ ಧ್ವನಿ ಇನ್ನೊಂದಿರಲಿಲ್ಲ. ಆ ಕಡೆಯವರು ಅಳಲಿ, ಅರಚಲಿ, ಬೈಯಲಿ... ಈ ಕಡೆಯಿಂದ ಏರಿಳಿತವಿಲ್ಲದ ಒಂದೇ ಸ್ವರ. ಕೇಳುವವರ ಕೈ ನಡುಗಬಾರದು ಎಂದರೆ ಹೇಳುವವರ ಧ್ವನಿ ನಡುಗಬಾರದು. ಕೆಲಸಕ್ಕೆ ಸೇರಿದ ದಿನ ಕಲಿಸಿದ ಮೊದಲ ಪಾಠ ಅದು.

ಅದೇ ಪಾಠ ಅವಳನ್ನು ಈಗ ಮೂಲೆಗೆ ಕೂರಿಸಿತ್ತು.

ಮೂರು ತಿಂಗಳ ಹಿಂದೆ ತಾಯಿಗಾಗಿ ಕರೆ ಮಾಡಿದ್ದ ಆ ಮನುಷ್ಯ ಆಮೇಲೆ ಕಚೇರಿಗೇ ಬಂದು, ಎರಡೆರಡು ಸಲ ಬಂದು, ಮೇಜು ಗುದ್ದಿ ಕೂಗಾಡಿದ್ದನಂತೆ. 'ಆ ಕರೆ ತಗೊಂಡವರು ಯಾರು? ನನ್ನೆದುರು ತಂದು ನಿಲ್ಲಿಸಿ!' ಅಂದನಂತೆ. ಮೇಲಧಿಕಾರಿ ಅವಳನ್ನು ಕರೆದು, "ರೆಕಾರ್ಡಿಂಗಲ್ಲೂ ನಿನ್ನನ್ನ ಕಲ್ಲು ಅಂದಿದ್ದಾರೆ. ಧ್ವನಿಯಲ್ಲಿ ಕಾಳಜಿ ಇರಲಿಲ್ಲ ಅಂತ ಅವರಿಗೆ ನೋವಾಗಿದೆ. ವಿಚಾರಣೆ ಮುಗಿಯೋವರೆಗೆ ಫೋನ್ ಮುಟ್ಟಬೇಡಮ್ಮ," ಎಂದಿದ್ದರು. ಅಂದಿನಿಂದ ಅವಳ ಕೆಲಸ ಹಿಂದಿನ ಕೋಣೆಯಲ್ಲಿ ಹಳೆಯ ಹೆಡ್‌ಫೋನ್ ವೈರುಗಳ ಸಿಕ್ಕು ಬಿಡಿಸುವುದು!

ಸಿಕ್ಕು ಬಿಡಿಸುತ್ತಾ ಬಿಡಿಸುತ್ತಾ ಅವಳಿಗೆ ಒಂದು ಮಾತು ಗಟ್ಟಿಯಾಗಿ ಅನ್ನಿಸಿಬಿಟ್ಟಿತ್ತು. ಆ ತಾಯಿ ಉಳಿಯಲಿಲ್ಲ. ಉಳಿದಿದ್ದರೆ ಮಗ ಯಾಕೆ ಬಂದು ಕೂಗಾಡುತ್ತಿದ್ದ? ನಾಳೆ ಸೋಮವಾರ ಕೆಲಸ ಬಿಡುತ್ತೇನೆ ಎಂದು ಹೇಳಿಬಿಡುವುದು, ಅಷ್ಟೇ. ಕಲ್ಲಿನ ಎದೆಯವರಿಗೆ ಬೇರೆ ಕೆಲಸ ಎಷ್ಟು ಬೇಕಾದರೂ ಸಿಗುತ್ತದೆ.

ಹೀಗೆ ಹಗಲೂ ರಾತ್ರಿ ಕುದಿಯುತ್ತಿದ್ದ ತಂಗಿಯನ್ನು ನೋಡಲಾರದೆ, ಶಾಲೆಯಲ್ಲಿ ಗಣಿತ ಕಲಿಸುವ ಅಕ್ಕ, "ಮನೇಲಿ ತಟ್ಟೆ ಒಡೆಯೋ ಬದಲು ಅಲ್ಲಿ ಹೋಗಿ ಏನಾದ್ರೂ ಎಸೆದು ಬಾ," ಎಂದು ಭಾನುವಾರ ಬೆಳಿಗ್ಗೆಯೇ ಈ ಕೊಡಲಿ ಎಸೆಯುವ ಜಾಗಕ್ಕೆ ಎಳೆದುಕೊಂಡು ಬಂದಿದ್ದಳು.

ಬಂದರೆ ಇವನು!

"ಅಕ್ಕಾ, ಮನೆಗೆ ಹೋಗೋಣ," ಅವಳು ಹಲ್ಲು ಕಚ್ಚಿ ಪಿಸುಗುಟ್ಟಿದಳು. "ಅವನೇ ಕಣೇ. ನನ್ನ ಮೇಲೆ ದೂರು ಕೊಟ್ಟವನು."

ಅಕ್ಕ ಆ ಅಗಲ ಭುಜದವನನ್ನು ಮೇಲಿಂದ ಕೆಳಗಿನವರೆಗೆ ಅಳೆದಳು. "ಹೌದಾ? ಹಾಗಾದ್ರೆ ಅವನು ಹೋಗ್ಲಿ. ನೀನ್ಯಾಕೆ ಹೋಗ್ಬೇಕು?"

ಅದೂ ಸರಿಯೇ! ನಾನು ಯಾಕೆ ಹೋಗಲಿ?

ಅಷ್ಟರಲ್ಲಿ ಆ ಜಾಗದ ಒಡತಿ ಬಂದರು. ಎಲ್ಲರೂ ಅವರನ್ನು ಕೊಡಲಿ ಮೇಡಂ ಎನ್ನುತ್ತಿದ್ದರು. ನರೆತ ತಲೆ, ಕುತ್ತಿಗೆಗೆ ನೇತುಹಾಕಿದ ಸೀಟಿ, ಎದುರು ಮಾತಾಡಲು ಧೈರ್ಯ ಬಾರದಂಥ ನೋಟ. ಅವನು ಬಗ್ಗಿ ಕೊಡಲಿ ಎತ್ತಿ ಅವಳತ್ತ ಚಾಚಿದ್ದೇ ತಡ, ಸೀಟಿ ಊದಿದರು.

"ಕೈಯಿಂದ ಕೈಗೆ ಕೊಡಬಾರದು! ಆ ದಿಮ್ಮಿಗೆ ಊರು. ಅವಳು ತಗೋತಾಳೆ."

ಅವನು ಮಧ್ಯದ ಮರದ ದಿಮ್ಮಿಗೆ ಕೊಡಲಿ ಊರಿದ. ಅವಳು ಅವನ ಮುಖ ನೋಡದೆ ಕಿತ್ತುಕೊಂಡಳು.

"ಇನ್ನೊಂದು ಸಲ ಹೇಳ್ತೀನಿ, ಇಬ್ಬರೂ ಕೇಳಿ," ಎಂದರು ಮೇಡಂ. "ಈ ಎರಡು ಗುರಿಗೆ ಮಧ್ಯ ಜಾಲರಿ ಇಲ್ಲ. ಅದಕ್ಕೇ ಇಲ್ಲಿ ಒಂದೇ ನಿಯಮ. ಒಬ್ಬರು ಎಸೆದ್ರು ಅಂತ ತೆಗೆಯೋಕೆ ಓಡಬಾರದು. ಇಬ್ಬರೂ ಎಸೆದ ಮೇಲೆ ಇಬ್ಬರೂ ಒಟ್ಟಿಗೆ ಹೋಗ್ಬೇಕು, ಒಟ್ಟಿಗೆ ತೆಗೀಬೇಕು, ಒಟ್ಟಿಗೆ ವಾಪಸ್ ಬರ್ಬೇಕು. ಗೊತ್ತಾಯ್ತಾ?"

ಒಟ್ಟಿಗೆ! ಇವನ ಜೊತೆಗೆ! ಅವಳಿಗೆ ಬೇರೆ ಗುರಿ ಕೇಳಬೇಕೆನಿಸಿತು. ಆದರೆ ಭಾನುವಾರ, ಎಲ್ಲಾ ಗುರಿಗಳೂ ತುಂಬಿದ್ದವು. ಅದೂ ಅಲ್ಲದೆ, ಬಾಯಿ ಬಿಟ್ಟರೆ ಅವನು ಧ್ವನಿ ಗುರುತು ಹಿಡಿದುಬಿಟ್ಟರೆ?

ಮಾತೇ ಆಡಬಾರದು ಎಂದು ಅವಳು ತೀರ್ಮಾನಿಸಿದಳು.

ಆಮೇಲೆ ನಡೆದದ್ದು ನೋಡಲು ಚೆನ್ನಾಗಿತ್ತು. ಅವಳು ಮೈಯ ಬಲವೆಲ್ಲ ಹಾಕಿ ಎಸೆಯುತ್ತಾಳೆ, ಕೊಡಲಿ ಠಣ್ ಎಂದು ಬೀಳುತ್ತದೆ. ಅವನೂ ಎಸೆಯುತ್ತಾನೆ, ಅವನದೂ ಬೀಳುತ್ತದೆ. ಅವನಿಗೂ ಇದು ಮೊದಲ ಸಲವಂತೆ. ಮರ ಕೊಯ್ಯುವ ಮಿಲ್ಲಿನವನು, ಗುರಿಗೆ ಬೇಕಾದ ಹಲಗೆಗಳನ್ನು ತಂದು ಇಳಿಸಿದವನನ್ನು ಮೇಡಂ 'ನೀನೂ ಒಂದು ಕೈ ನೋಡು' ಎಂದು ನಿಲ್ಲಿಸಿದ್ದರು. ಇಬ್ಬರೂ ಒಟ್ಟಿಗೆ ನಡೆಯುತ್ತಾರೆ, ಒಟ್ಟಿಗೆ ಬಗ್ಗುತ್ತಾರೆ, ಒಟ್ಟಿಗೆ ಹಿಂತಿರುಗುತ್ತಾರೆ. ಒಬ್ಬಳ ಮುಖ ಆ ಕಡೆ, ಒಬ್ಬನ ಮುಖ ಈ ಕಡೆ.

"ಏನ್ರೀ, ಮೂಗೀನಾ ಇವರು?" ಅವನು ಅಕ್ಕನನ್ನು ಕೇಳಿದ. ಕೇಳಿದ್ದಲ್ಲ, ಗುಡುಗಿದ. ಆಚೆ ಗುರಿಯವರೂ ತಿರುಗಿ ನೋಡಿದರು.

ಮೂಗಿಯಂತೆ! ಮೊದಲು ಕಲ್ಲು, ಈಗ ಮೂಗಿ!

ಅವಳ ಮುಂದಿನ ಎಸೆತ ಹಲಗೆಯನ್ನೂ ಮುಟ್ಟಲಿಲ್ಲ.

ಕೊಡಲಿ ಮೇಡಂ ಅವಳ ಹಿಂದೆ ಬಂದು ನಿಂತರು. "ಯಾರ ಮೇಲಮ್ಮ ಇಷ್ಟು ಸಿಟ್ಟು?"

ಅವಳು ಪಕ್ಕದವನತ್ತ ಓರೆಗಣ್ಣು ಹಾಯಿಸಿದಳು.

"ಇರ್ಲಿ. ಸಿಟ್ಟು ಬೇಡ ಅಂತ ನಾನು ಹೇಳಲ್ಲ. ಆದ್ರೆ ತೋಳಿಗೆ ತುಂಬಬೇಡ. ಕೊಡಲಿಗೆ ಅದರದೇ ಭಾರ ಇದೆ, ನೀನು ಬಲ ಹಾಕೋದೇ ಬೇಡ. ತಲೆ ಮೇಲೆ ತಾ, ನೇರ ಮುಂದಕ್ಕೆ ಬಿಡು. ಮಣಿಕಟ್ಟು ತಿರುಗಿಸಬೇಡ." ಪಕ್ಕದವನ ಕಡೆ ತಿರುಗಿ, "ನಿಂಗೂ ಅದೇ. ಹಿಂದೆ ಮುಂದೆ ಎಸೀತಾ ಒಬ್ಬರಿಗೊಬ್ಬರು ಕಾಯ್ತಾ ಕೂರ್ತಿದ್ದೀರಿ. ಒಟ್ಟಿಗೆ ಎಸೀರಿ. ಯಾರಾದ್ರೂ ಎಣಿಸಿ... ನೀನೇ ಎಣಿಸಮ್ಮ."

"ನಾನಾ?" ಎಂದುಬಿಟ್ಟಳು, ಮೆಲ್ಲಗೆ.

"ಮತ್ತಿನ್ಯಾರು? ಬಾಯಿದೆ ಅಲ್ವಾ?"

ಅವಳು ಉಸಿರೆಳೆದುಕೊಂಡಳು. ಎಣಿಸುವುದು ಎಂದರೆ ಅವಳಿಗೆ ಗೊತ್ತಿದ್ದದ್ದು ಒಂದೇ ರೀತಿ. ಬೇಡಬೇಡವೆಂದರೂ ಗಂಟಲಿನಿಂದ ಅದೇ ಹೊರಟಿತು. ಏರಿಲ್ಲ, ಇಳಿವಿಲ್ಲ, ನಡುಕವಿಲ್ಲ.

"ಒಂದು. ಎರಡು. ಮೂರು."

ಕೊಡಲಿ ಅವಳ ಕೈ ಬಿಟ್ಟಿತು. ಗಾಳಿಯಲ್ಲಿ ಒಮ್ಮೆ ಮಗುಚಿತು.

ಧಕ್!

ಕಚ್ಚಿಕೊಂಡಿತು! ಕೆಂಪು ವೃತ್ತದ ಅಂಚಿನಲ್ಲಿ ಅಲುಗಾಡದೆ ಕಚ್ಚಿಕೊಂಡು ನಿಂತಿತು!

ಅಕ್ಕ ಬೆಂಚಿನ ಮೇಲೆ ಹತ್ತಿ ಕುಣಿದಳು. ಸಿಡುಕಿ ಖುಷಿಯಲ್ಲಿ ಒಂದು ಹೆಜ್ಜೆ ಮುಂದಿಟ್ಟು, ತಟ್ಟನೆ ನಿಂತಳು. ಪಕ್ಕದಲ್ಲಿ ಎರಡನೇ ಸದ್ದು ಬಂದಿರಲೇ ಇಲ್ಲ.

ಅವನು ಎಸೆದಿರಲಿಲ್ಲ. ಕೊಡಲಿ ಹಿಡಿದ ಕೈ ಇಳಿದುಹೋಗಿತ್ತು. ಮುಖ ಸುಣ್ಣದಂತೆ ಬಿಳುಚಿಕೊಂಡಿತ್ತು.

"ನೀವು..." ಎಂದ. "ನೀವು... ಅವತ್ತು ಫೋನಲ್ಲಿ..."

ಇನ್ನು ಬಚ್ಚಿಡುವುದಕ್ಕೆ ಏನಿದೆ?

"ಹೌದು. ನಾನೇ. ಕಲ್ಲು!" ಅವಳ ಧ್ವನಿ ಈಗ ತಣ್ಣಗಿರಲಿಲ್ಲ. "ಬೈದಿದ್ದು ಸಾಲದು ಅಂತ ಆಫೀಸಿಗೆ ಬಂದು ದೂರು ಬೇರೆ ಕೊಟ್ರಲ್ಲ? ನನ್ನ ಹೆಡ್‌ಫೋನ್ ಕಿತ್ಕೊಂಡ್ರು. ಸಂತೋಷ ಆಯ್ತಾ? ನಾಳೆ ಕೆಲಸಾನೂ ಬಿಡ್ತಿದ್ದೀನಿ. ಅದಕ್ಕೂ ಸಂತೋಷ ಪಡಿ!"

"ರೀ, ಒಂದು ನಿಮಿಷ..."

"ಮಾತಾಡ್ಬೇಡಿ! ನಿಮಗೆ ಮಾತ್ರ ನೋವಾಗಿದ್ದಾ? ನಾನು ಅತ್ತಿದ್ರೆ ನಿಮ್ಮ ಕೈ ಆಡ್ತಿತ್ತಾ? ನಾನು ನಡುಗಿದ್ರೆ ನೀವು ಅಮ್ಮನ ಎದೆ ಒತ್ತುತ್ತಿದ್ರಾ? ಫೋನ್ ಇಟ್ಟ ಮೇಲೆ ಬಾತ್‌ರೂಮಲ್ಲಿ ಬಾಗಿಲು ಹಾಕ್ಕೊಂಡು ನಾನು ಹೇಗಿದ್ದೆ ಅಂತ ನಿಮಗೇನು ಗೊತ್ತು? ನಿಮ್ಮ ಅಮ್ಮನ್ನ ಉಳಿಸೋಕೆ ಆಗ್ಲಿಲ್ಲ ಅಂತ ಮೂರು ತಿಂಗಳಿಂದ... ಮೂರು ತಿಂಗಳಿಂದ ನಾನು..."

ಕಣ್ಣು ತುಂಬಿದ್ದಕ್ಕೆ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಅವನು ಅವಳನ್ನೇ ನೋಡಿದ. ಕೊಡಲಿಯನ್ನು ದಿಮ್ಮಿಗೆ ಊರಿದ. ಆಮೇಲೆ ಬಾಗಿಲ ಕಡೆ ತಿರುಗಿ, ಛಾವಣಿ ಹಾರುವಂತೆ ಕೂಗಿದ.

"ಅಮ್ಮಾ!"

ಅದೇ ಕೂಗು! ಫೋನ್ ಕಡಿಯುವ ಮುಂಚೆ ಅವಳು ಕೊನೆಯದಾಗಿ ಕೇಳಿದ ಕೂಗು. ಅವಳು ಎರಡೂ ಕಿವಿ ಮುಚ್ಚಿಕೊಂಡಳು.

ಆದರೆ ಈ ಸಲ ಆ ಕೂಗಿಗೆ ಉತ್ತರ ಬಂತು.

"ಏನೋ ಅದು? ಯಾಕೆ ಹಾಗೆ ಬಾಯಿ ಬಡ್ಕೋತೀಯಾ? ಬಂದೆ ಇರು!"

ಎರಡು ಕಾಗದದ ಲೋಟಗಳಲ್ಲಿ ಚಹಾ ಹಿಡಿದುಕೊಂಡು, ಒಂದು ಹನಿಯೂ ಚೆಲ್ಲದಂತೆ ಪುಟ್ಟಪುಟ್ಟ ಹೆಜ್ಜೆ ಇಡುತ್ತಾ ಒಬ್ಬ ಹೆಂಗಸು ಒಳಗೆ ಬಂದರು. ಒಂದು ಕಿವಿಯ ಹಿಂದೆ ಶ್ರವಣಯಂತ್ರ. ಮೇಲೆ ಮಗನದೇ ಇರಬೇಕು, ದೊಗಳೆ ಸ್ವೆಟರು.

"ಯಾರ ಜೊತೆ ಜಗಳ ತೆಗೆದಿದ್ದೀಯೋ ಮತ್ತೆ?"

ಸಿಡುಕಿ ಕಿವಿಯಿಂದ ಕೈ ತೆಗೆದಳು. ಆ ಹೆಂಗಸನ್ನು ನೋಡಿದಳು. ಮಗನನ್ನು ನೋಡಿದಳು. ಮತ್ತೆ ಆ ಹೆಂಗಸನ್ನೇ ನೋಡಿದಳು.

ಬದುಕಿದ್ದಾರೆ...

ಬದುಕಿದ್ದಾರೆ! ಚಹಾ ತರ್ತಿದ್ದಾರೆ! ಬೈತಿದ್ದಾರೆ!

ಅಕ್ಕ ಓಡಿಬಂದು ಅವಳ ಭುಜ ಹಿಡಿದುಕೊಂಡಳು. ಇಷ್ಟು ದೊಡ್ಡ ಸಂತೋಷವನ್ನು ಏನು ಮಾಡಬೇಕೆಂದು ತಿಳಿಯದಿದ್ದಾಗ ಸಿಡುಕಿಯಂಥವರು ಏನು ಮಾಡುತ್ತಾರೆ? ಸಿಟ್ಟಾಗುತ್ತಾರೆ!

"ಅಮ್ಮ ಬದುಕಿದ್ದಾರೆ! ಬದುಕಿದ್ದೂ ನನ್ನ ಮೇಲೆ ದೂರು ಕೊಟ್ರಾ? ಎಂಥ ಮನುಷ್ಯ ರೀ ನೀವು!"

"ದೂರಾ?" ಅವನೂ ಏರುದನಿಯಲ್ಲಿ ಕೇಳಿದ. "ಯಾವ ದೂರು? ಯಾರು ಕೊಟ್ರು? ನಾನು ಬಂದಿದ್ದು ನಿಮ್ಮನ್ನ ನೋಡೋಕೆ! ಹೆಸರು ಹೇಳಲ್ಲ, ತೋರಿಸಲ್ಲ ಅಂದ್ರು. ಕಾಲು ಹಿಡಿದು ಥ್ಯಾಂಕ್ಸ್ ಹೇಳ್ಬೇಕು ಅಂತ ಬಂದ್ರೆ ಸೆಕ್ಯೂರಿಟಿಯವರನ್ನ ಕರೆದು ಹೊರಗೆ ಕಳಿಸಿದ್ರು ರೀ!"

"ಕಾಲು ಹಿಡಿಯೋಕೆ ಬಂದವರು ಮೇಜು ಗುದ್ದುತ್ತಾರಾ?"

"ಅದು... ನಾನು ಮಾತಾಡೋದೇ ಹೀಗೆ!"

"ಹೌದಮ್ಮ," ಅಂದರು ತಾಯಿ, ಅವರೂ ಅಷ್ಟೇ ಜೋರಾಗಿ. "ಹಗಲೆಲ್ಲಾ ಗರಗಸದ ಪಕ್ಕ ನಿಂತು ನನ್ನ ಕಿವಿ ಹೋಯ್ತು. ನನಗೆ ಕೇಳಿಸಲಿ ಅಂತ ಕೂಗಿ ಕೂಗಿ ಇವನ ಗಂಟಲು ಹೀಗಾಯ್ತು. ನಮ್ಮನೇಲಿ ಮೆತ್ತಗೆ ಕೇಳಿದ್ರೆ ಊಟಾನೂ ಸಿಗಲ್ಲ. ಇವನು 'ಚೆನ್ನಾಗಿದ್ದೀರಾ' ಅಂದ್ರೂ ಜನ ಹೊಡೆಯೋಕೆ ಬಂದ ಅಂದ್ಕೋತಾರೆ."

ಅಷ್ಟು ಹೇಳಿ, ಚಹಾದ ಲೋಟಗಳನ್ನು ಅಕ್ಕನ ಕೈಗಿಟ್ಟು, ಹತ್ತಿರ ಬಂದು ಅವಳ ಮುಖ ನೋಡಿದರು.

"ನನ್ನ ಪಕ್ಕೆಲುಬು ಮುರಿಸಿದವಳು ನೀನೇನಾ?"

ಅವಳು ಗಾಬರಿಯಾದಳು.

"ಮುರಿದ್ರೂ ಪರವಾಗಿಲ್ಲ, ಒತ್ತೋದು ನಿಲ್ಲಿಸಬೇಡಿ ಅಂದಿದ್ದು ನೀನಂತೆ. ಇವನು ಹೆದರುಪುಕ್ಕಲ. ನೀನು ಹೇಳದಿದ್ರೆ ಪಕ್ಕದಲ್ಲಿ ಕೂತು ಅಳ್ತಾ ಇರ್ತಿದ್ದ." ಒರಟು ಅಂಗೈ ಅವಳ ಕೆನ್ನೆಗೆ ತಾಗಿತು. "ಇವತ್ತಿಗೂ ಸೀನಿದ್ರೆ ನೋಯುತ್ತೆ ಕಣಮ್ಮ. ನೋವಾದಾಗೆಲ್ಲಾ ನಿನ್ನ ನೆನೆಸ್ಕೋತೀನಿ."

ಅಲ್ಲಿಯವರೆಗೆ ತಡೆದಿದ್ದ ಅಳು ಅವಳನ್ನು ಕೇಳದೆಯೇ ಬಂದುಬಿಟ್ಟಿತು.

ಅವನು ಒಂದು ಹೆಜ್ಜೆ ದೂರದಲ್ಲೇ ನಿಂತಿದ್ದ. ಅವನಿಗೆ ಸಾಧ್ಯವಾದಷ್ಟು ಮೆತ್ತಗೆ ಹೇಳಿದ. "ಕಲ್ಲು ಅಂದಿದ್ದು ನಿಜ. ಅದನ್ನ ಇಲ್ಲ ಅನ್ನಲ್ಲ. ತಪ್ಪಾಯ್ತು. ಆದ್ರೆ... ನನಗೂ ನಿಮ್ಮ ಮೇಲೆ ಒಂದು ಸಿಟ್ಟಿದೆ."

"ಏನು?" ಅಳುವಿನ ಮಧ್ಯೆಯೇ ಅವಳು ಕಣ್ಣು ಕೆಂಪು ಮಾಡಿದಳು.

"'ನಾನು ಇಲ್ಲೇ ಇದ್ದೀನಿ' ಅಂತ ಹೇಳ್ತಾನೇ ಇದ್ರಿ. ಆಂಬುಲೆನ್ಸ್‌ನವರು ಬಾಗಿಲಲ್ಲಿ ಬಂದ ತಕ್ಷಣ ಫೋನ್ ಇಟ್ಟುಬಿಟ್ರಿ. ನಾನು ಹಲೋ ಹಲೋ ಅಂತಾನೇ ಇದ್ದೆ. ಅಮ್ಮನ್ನ ಎತ್ಕೊಂಡು ಹೋಗ್ತಿದ್ರು. ಆ ಹೊತ್ತಲ್ಲಿ ನನಗೆ ಅಂತ ಇದ್ದಿದ್ದು ನಿಮ್ಮ ಧ್ವನಿ ಒಂದೇ."

ಆಂಬುಲೆನ್ಸ್ ಬಂದ ಕೂಡಲೇ ಕರೆ ಮುಗಿಸಬೇಕು, ಇನ್ನೊಬ್ಬರು ಕಾಯುತ್ತಿರುತ್ತಾರೆ ಎನ್ನುವುದು ಅವಳ ಕಚೇರಿಯ ನಿಯಮ. ಆದರೆ ಕರೆ ಮುಗಿಸುವ ಆ ಗುಂಡಿ ಒತ್ತುವಾಗ ತನ್ನ ಬೆರಳೂ ಹಿಂಜರಿದಿತ್ತು ಎಂಬುದು ಅವಳಿಗೊಬ್ಬಳಿಗೇ ಗೊತ್ತಿತ್ತು.

"ಇನ್ನೂ ಒಂದು ಕೊಡಲಿ ಬಾಕಿ ಇದೆ!" ಕೊಡಲಿ ಮೇಡಂ ಸೀಟಿ ಊದಿದರು. "ಎಸೆದು ಮುಗಿಸಿ, ಆಮೇಲೆ ಅಳಿ!"

ಅವನು ಎಸೆದ. ಅದು ಠಣ್ ಎಂದು ಕೆಳಗೆ ಬಿತ್ತು. ಅವಳಿಗೆ ಅಳುವಿನ ನಡುವೆಯೇ ನಗು ಬಂತು.

ಮರುದಿನ ತಾಯಿ ಮಗ ಇಬ್ಬರೂ ಕಚೇರಿಗೆ ಬಂದರು. ಮಗ ಎಷ್ಟು ಮೆತ್ತಗೆ ಮಾತಾಡಿದನೆಂದರೆ ಮೇಲಧಿಕಾರಿ ಮೇಜಿನ ಮೇಲೆ ಬಗ್ಗಿ ಕಿವಿಗೊಡಬೇಕಾಯಿತು. ಕೂಗಾಡುವ ಕೆಲಸವನ್ನು ಈ ಸಲ ತಾಯಿ ವಹಿಸಿಕೊಂಡಿದ್ದರು. "ಧ್ವನಿಯಲ್ಲಿ ಕಾಳಜಿ ಇಲ್ವಂತಾ? ನಾನು ಇಲ್ಲಿ ನಿಂತಿದ್ದೀನಲ್ಲ ಸ್ವಾಮಿ, ಇದಕ್ಕಿಂತ ಕಾಳಜಿ ಬೇಕಾ?" ಸಂಜೆಯೊಳಗೆ ಸಿಡುಕಿಯ ಹೆಡ್‌ಫೋನ್ ಅವಳ ಮೇಜಿಗೆ ವಾಪಸ್ ಬಂತು.

ಅಲ್ಲಿಂದ ಮುಂದೆ ಭಾನುವಾರಗಳು ಆ ಎರಡು ಗುರಿಗಳ ಮುಂದೆಯೇ ಕಳೆದವು. ಯಾರೂ ಯಾರನ್ನೂ ಕರೆಯುತ್ತಿರಲಿಲ್ಲ, ಆದರೆ ಇಬ್ಬರೂ ಬರುತ್ತಿದ್ದರು. ಎಸೆಯುತ್ತಿದ್ದರು, ಜಗಳವಾಡುತ್ತಿದ್ದರು, ಒಟ್ಟಿಗೆ ನಡೆದು ಹೋಗಿ ಕೊಡಲಿ ತರುತ್ತಿದ್ದರು. ಅವಳ ಕೊಡಲಿ ಈಗ ಹಲಗೆ ಕಚ್ಚುತ್ತಿತ್ತು. ಅವನದು ಮಾತ್ರ ಒಮ್ಮೆಯೂ ಕಚ್ಚಿರಲಿಲ್ಲ. ದಿನವಿಡೀ ಮರ ಕೊಯ್ಯುವವನ ಮೇಲೆ ಹಲಗೆಗಳೇ ಸೇರಿ ಸೇಡು ತೀರಿಸಿಕೊಳ್ಳುತ್ತಿವೆ ಎಂದು ಅಕ್ಕ ನಗುತ್ತಿದ್ದಳು.

ಹಾಗೇ ಒಂದು ಭಾನುವಾರ, ಅವಳು ಬಂದವಳೇ ಕೊಡಲಿಯನ್ನು ಹುಚ್ಚು ಬಲದಲ್ಲಿ ಎಸೆದಳು. ಮೊದಲ ದಿನದಂತೆಯೇ ಅದು ಹಿಂದಕ್ಕೆ ಚಿಮ್ಮಿತು.

ಅವನು ಕೂಗಲಿಲ್ಲ. "ಏನಾಯ್ತು?" ಎಂದ.

"ನಿನ್ನೆ ಒಬ್ಬ ಅಪ್ಪ ಫೋನ್ ಮಾಡಿದ್ರು. ಮಗು ಉಸಿರಾಡ್ತಿಲ್ಲ ಅಂತ. ಹೇಳ್ಕೊಟ್ಟೆ, ಎಣಿಸಿದೆ, ಎಲ್ಲಾ ಮಾಡ್ದೆ. ಆಂಬುಲೆನ್ಸ್ ಬಂತು. ಇಟ್ಟುಬಿಟ್ಟೆ." ಅವಳ ಮೂಗಿನ ತುದಿ ಕೆಂಪಾಗಿತ್ತು. "ಆ ಮಗು ಏನಾಯ್ತು? ಗೊತ್ತಿಲ್ಲ! ಗೊತ್ತಾಗೋದೂ ಇಲ್ಲ! ಯಾವುದೂ ಏನಾಯ್ತು ಅಂತ ಯಾರೂ ಬಂದು ಹೇಳಲ್ಲ. ಸಿಟ್ಟು ಬರುತ್ತೆ ನನಗೆ! ಇಡೀ ಪ್ರಪಂಚದ ಮೇಲೆ ಸಿಟ್ಟು ಬರುತ್ತೆ!"

ಅವನು ಸಮಾಧಾನ ಮಾಡಲಿಲ್ಲ. ಎಲ್ಲಾ ಸರಿಹೋಗುತ್ತೆ ಎನ್ನಲಿಲ್ಲ. ಕೈಯಲ್ಲಿದ್ದ ಕೊಡಲಿಯ ಹಿಡಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತಾ ತುಂಬಾ ಮೆತ್ತಗೆ ಹೇಳಿದ.

"ಬೇರೆ ಕರೆಗಳು ಏನಾದ್ವು ಅಂತ ನಾನು ಹೇಳೋಕಾಗಲ್ಲ. ಒಂದು ಕರೆ ಏನಾಯ್ತು ಅಂತ ಮಾತ್ರ ದಿನಾ ಹೇಳಬಲ್ಲೆ. ಅಮ್ಮ ಇವತ್ತು ಎದ್ದರು, ಅಮ್ಮ ಬೈದರು, ಅಮ್ಮ ಮಾತ್ರೆ ನುಂಗದೆ ಬಚ್ಚಿಟ್ಟರು... ನೀವು ಕೆಲಸದಿಂದ ಸಿಟ್ಟು ಮಾಡ್ಕೊಂಡು ಬಂದಾಗೆಲ್ಲಾ ಹೇಳ್ತೀನಿ. ಒಂದೇ ಮನೇಲಿದ್ರೆ... ಹೇಳೋದು ಸುಲಭ."

ಅವಳಿಗೆ ಎಲ್ಲವೂ ಕೇಳಿಸಿತ್ತು, ಒಂದಕ್ಷರ ಬಿಡದೆ. ಆದರೂ...

"ಏನಂದ್ರಿ? ಕೇಳಿಸಲಿಲ್ಲ."

"ಅದೇ... ಒಂದೇ ಮನೇಲಿ..."

"ಜೋರಾಗಿ ಹೇಳಿ! ಬೇರೆ ದಿನ ಊರೆಲ್ಲಾ ಕೇಳೋ ಹಾಗೆ ಮಾತಾಡ್ತೀರಿ, ಇವತ್ತೇನಾಯ್ತು ಗಂಟಲಿಗೆ?"

ಅವನು ಕಣ್ಣು ಮುಚ್ಚಿಕೊಂಡ. ಮತ್ತೆ ಆ ಛಾವಣಿ ಹಾರಿತು.

"ನನ್ನ ಮದುವೆ ಆಗ್ತೀರಾ?!"

ಆ ಜಾಗದಲ್ಲಿ ಹಾರುತ್ತಿದ್ದ ಕೊಡಲಿಗಳೆಲ್ಲ ನಿಂತವು. ಬೆಂಚಿನ ಮೇಲೆ ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು. ಪಕ್ಕದಲ್ಲಿದ್ದ ತಾಯಿ ಶ್ರವಣಯಂತ್ರ ತಿರುಗಿಸುತ್ತಾ, "ಏನಂದ? ಏನಂದ?" ಎಂದರು. ಸಿಡುಕಿ ಒಂದು ಹೆಜ್ಜೆ ಅವನ ಕಡೆ ಇಟ್ಟಳು.

ಸೀಟಿ!

"ಅವನ ಕೈಯಲ್ಲಿ ಇನ್ನೂ ಕೊಡಲಿ ಇದೆ!" ಕೊಡಲಿ ಮೇಡಂ ಗದರಿದರು. "ಮದುವೆ ಆದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಇಬ್ಬರೂ ಎಸೆದ ಮೇಲೆ!"

ಅವನು ಎಸೆದ. ಗುರಿ ನೋಡಲಿಲ್ಲ, ಬಲ ಹಾಕಲಿಲ್ಲ. ಕೈಗಳಿಂದ ಕೊಡಲಿ ತಾನಾಗಿ ಜಾರಿಹೋಯಿತು.

ಧಕ್!

ಕಚ್ಚಿಕೊಂಡಿತು.

ಅದನ್ನು ಅವನು ನೋಡಲೇ ಇಲ್ಲ. ಇಬ್ಬರೂ ಒಟ್ಟಿಗೆ ನಡೆದರು. ಅವಳು ಬಿದ್ದಿದ್ದ ತನ್ನ ಕೊಡಲಿ ಎತ್ತಿಕೊಂಡಳು. ಅವನು ಹಲಗೆಯ ಮುಂದೆ ನಿಂತು, ಊರಿದ್ದ ಕೊಡಲಿಯ ಹಿಡಿಯ ಮೇಲೆ ಕೈ ಇಟ್ಟ, ಕೀಳಲಿಲ್ಲ. ಅವಳ ಕಡೆ ತಿರುಗುವ ಧೈರ್ಯವೂ ಬರಲಿಲ್ಲ.

"ಇನ್ನೂ ಸಿಟ್ಟಿದೆಯಾ?" ಎಂದ ಹಲಗೆಗೆ.

"ಇದೆ. ಕಲ್ಲು ಅಂದಿದ್ದಕ್ಕೆ ಇದೆ. ಮೂಗಿ ಅಂದಿದ್ದಕ್ಕೂ ಇದೆ. ಅಷ್ಟು ಸುಲಭವಾಗಿ ಹೋಗಲ್ಲ."

"ಹ್ಞೂಂ..."

ಅವಳು ಸುಮ್ಮನಾದಳು. ಆ ಮೌನ ಅವನಿಗೆ ತಡೆಯಲಾಗದಷ್ಟು ಉದ್ದವಾಯಿತು. ಅಂದು ಖಾಲಿ ಮನೆಯಲ್ಲಿ, ಕಡಿದುಹೋದ ಫೋನನ್ನು ಕಿವಿಗೊತ್ತಿಕೊಂಡು ಕೇಳಿದಂತೆಯೇ ಈಗಲೂ ಕೇಳಿದ.

"ಹಲೋ... ಇದ್ದೀರಾ?"

ಅವಳು ಹತ್ತಿರ ಬಂದು, ಕೊಡಲಿಯ ಹಿಡಿಯ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈ ಇಟ್ಟಳು. ಎಷ್ಟೋ ಜನರ ಪ್ರಾಣ ಹೋಗುವಾಗಲೂ ನಡುಗದಿದ್ದ ಅವಳ ಧ್ವನಿ ಈಗ ಚೆನ್ನಾಗಿಯೇ ನಡುಗಿತು.

"ಇದ್ದೀನಿ ರೀ. ನಾನು ಇಲ್ಲೇ ಇದ್ದೀನಿ."